ಬೀಜವಿಲ್ಲದ ಗಿಡದ ವಂಶ

ಭೈರವಾನಿತಿಪ್ಪದ ಅಣೆಕಟ್ಟಿಗೆ ಪ್ರತಿವರ್ಷ ನೀರು ಬರುವುದಿಲ್ಲವೆಂಬುದು ರಾಯದುರ್ಗ, ಮಡಕಶಿರಾ ಕಡೆಯ ಓದುಗರಿಗೆ ಗೊತ್ತೇ ಇದೆ. 2022ರಲ್ಲಿ ಮೇಲಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಂಥ ವರ್ಷಗಳು ಅಪರೂಪ. ಇಂಥ ಬರದ ಸೀಮೆಯಲ್ಲೂ ಬಾವಿಯ ಕಲ್ಲುಸಂದಿಯಲ್ಲಿ ಜರೀಗಿಡ ಬದುಕುತ್ತದೆ. ಅದು ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಹಾಗಾದರೆ ಅದರ ವಂಶ ಬೆಳೆಯುವುದು ಹೇಗೆ?

ಜರಿಯ ಎಲೆಯನ್ನು ಕೀಳದೆ, ಮೆಲ್ಲಗೆ ಮಗುಚಿ ನೋಡಿರಿ. ಬಲಿತ ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳೋ ಗೀರುಗಳೋ ಇರುತ್ತವೆ. ಅಲ್ಲಿಂದ ಧೂಳಿನಂತೆ ಉದುರುವುದೇ ಬೀಜಕ. ಕಡಲೆಯ ಬೀಜದಲ್ಲಿ ಮೊಳಕೆಯೂ ಇದೆ, ಅದಕ್ಕೆ ಬೇಕಾದ ಬುತ್ತಿಯೂ ಇದೆ. ಮಗನಿಗೆ ಬಂಡವಾಳ ಕೊಟ್ಟು ಪರವೂರಿಗೆ ಕಳಿಸಿದ ಹಾಗೆ. ಬೀಜಕವಾದರೋ ಒಂದೇ ಒಂದು ಜೀವಕೋಶ. ಗಾಳಿ ಒಯ್ದಲ್ಲಿಗೆ ಹೋಗಬೇಕು, ತೇವ ಸಿಕ್ಕಿದರೆ ಬದುಕಬೇಕು. ಅದಕ್ಕೇ ಗಿಡವು ಲಕ್ಷಗಟ್ಟಲೆ ಬೀಜಕ ಉದುರಿಸುತ್ತದೆ.

ತೇವ ಸಿಕ್ಕ ಬೀಜಕವೂ ನೇರವಾಗಿ ಜರಿಯಾಗುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ತೆಳು ಹಸಿರು ಪೊರೆಯಾಗುತ್ತದೆ. ನಾವು ಅದನ್ನು ಪಾಚಿಯೆಂದೇ ತಿಳಿಯುತ್ತೇವೆ. ಅದರ ಅಡಿಯಲ್ಲಿ ಗಂಡು ಕಣಗಳೂ ಹೆಣ್ಣು ಅಂಡವೂ ಹುಟ್ಟುತ್ತವೆ. ಗಂಡು ಕಣ ನೀರಿನಲ್ಲಿ ಈಜಿಯೇ ಅಂಡವನ್ನು ಸೇರಬೇಕು. ಒಂದು ಹನಿ ಸಾಕು, ಆದರೆ ಆ ಹನಿ ಬೇಕೇ ಬೇಕು. ಎರಡೂ ಕೂಡಿದ ಮೇಲೆ ಹೊಸ ಜರಿ ಏಳುತ್ತದೆ, ಪೊರೆ ಬಾಡಿಹೋಗುತ್ತದೆ.

ಈ ಎರಡು ರೂಪಗಳ ಬಾಳನ್ನು 1851ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಜರ್ಮನಿಯ ಲೈಪ್‌ಜಿಗ್ ನಗರದ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್. ಅವರು ಕಾಲೇಜು ಓದಿದವರಲ್ಲ; ತಂದೆಯ ಸಂಗೀತ ಪುಸ್ತಕಗಳ ವ್ಯಾಪಾರ ನೋಡಿಕೊಳ್ಳುತ್ತಲೇ ಸೂಕ್ಷ್ಮದರ್ಶಕ ಹಿಡಿದವರು. ಆಗ ಅವರ ವಯಸ್ಸು 27. ಮುಂದೆ 1863ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯವು ಅವರನ್ನು ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು. ಅಂಗಡಿಯಲ್ಲಿ ಕುಳಿತ ನಮ್ಮ ಹುಡುಗರು ಇದನ್ನು ನೆನಪಿಡಬೇಕು.

ನೀರಿಲ್ಲದ ತಿಂಗಳುಗಳಲ್ಲಿ ಇವುಗಳ ಗತಿಯೇನು? ಬಂಡೆಸಂದಿಯ ಮಯೂರಶಿಖೆ ಎಂಬ ಪುಟ್ಟ ಜರಿ ಬೇಸಿಗೆಯಲ್ಲಿ ಮುದುಡಿ ಒಣಗಿದಂತಿದ್ದು, ಮಳೆ ಬಿದ್ದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕೆರೆ, ಗದ್ದೆಗಳ ಕೆಸರಿನಲ್ಲಿ ಒಂದು ದಂಟಿಗೆ ನಾಲ್ಕೆಲೆ ಬಿಡುವ ಸೊಪ್ಪೊಂದಿದೆ, ಸಂಸ್ಕೃತದಲ್ಲಿ ಸುನಿಷಣ್ಣಕ. ಅದೂ ಜರಿಯ ನೆಂಟನೇ. ಅದರ ಬುಡದಲ್ಲಿ ಹುರುಳಿಕಾಳಿನಂಥ ಗಟ್ಟಿ ಕೋಶಗಳಿದ್ದು, ಬೀಜಕಗಳು ಅದರೊಳಗೆ ಭದ್ರ. ಕೆರೆ ಒಣಗಿ ನೆಲ ಬಿರಿದರೂ ಕೋಶ ಕಾಯುತ್ತದೆ. ನೀರು ಬಂದಾಗ ಸಿಪ್ಪೆ ಒಡೆದು, ಅಂಟಿನಂಥ ಎಳೆಯೊಂದು ಬೀಜಕಗಳನ್ನು ಹೊತ್ತು ಹೊರಬರುತ್ತದೆ. ಹಲವು ದಶಕ ಒಣಗಿಸಿಟ್ಟ ಕೋಶಗಳೂ ನೀರಿನಲ್ಲಿ ಚಿಗುರಿದ್ದುಂಟು.

ಹಸಿರನ್ನೂ ಸಣ್ಣ ಜೀವಗಳನ್ನೂ ತುಳಿಯಬಾರದೆಂದೇ ಚಾತುರ್ಮಾಸದಲ್ಲಿ ನಮ್ಮ ಮುನಿಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಜರಿಯ ಆ ಪೊರೆ ಬದುಕುವುದೂ ಅದೇ ತೇವದ ದಿನಗಳಲ್ಲಿ. ನಡೆದಾಡುವ ಮೆಟ್ಟಿಲಿನ ಪಾಚಿ ಜಾರುತ್ತದೆ, ಅದನ್ನು ತೆಗೆಯಲೇಬೇಕು. ಆದರೆ ಯಾರೂ ಕಾಲಿಡದ ಬಾವಿಗೋಡೆಯ ಹಸಿರನ್ನು ಈ ಮಳೆಗಾಲದಲ್ಲಿ ಕೆರೆಯದೆ ಬಿಡಿರಿ. ಮಕ್ಕಳಿಗೂ ತೋರಿಸಿರಿ.