ಮಕ್ಕಳಿಗೆ ಕಾಯುವ ಗೇಮು ಕೊಡಿ

ಪಂಜ ಪೇಟೆಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಗೇಮಿನಿಂದ ಮಕ್ಕಳು ಹಾಳಾದರು. ನಾವು ಒಪ್ಪುವುದಿಲ್ಲ. ಯಾವ ಗೇಮು ಎಂದು ಕೇಳದೆಯೇ ಆಡುವ ಮಾತಿದು.

ಈ ಮಳೆಗಾಲದಲ್ಲಿ ನಾವು ಗೆಳೆಯರು ಸೇರಿ ಚಿಕ್ಕಂದಿನ ಪೊಕೆಮಾನ್ ಗೇಮನ್ನು ಮತ್ತೆ ಆಡಿದೆವು. 1996ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕೆಂದು ಬಂದದ್ದು. 2004ರಲ್ಲಿ 'ಫೈರ್‌ರೆಡ್' ಹೆಸರಿನಲ್ಲಿ ಹೊಸ ರೂಪ ಪಡೆಯಿತು. ಆ ಯಂತ್ರವನ್ನು ನಾವು ಕಂಡವರಲ್ಲ. ಕಂಪ್ಯೂಟರಿಗೆ ಹಾಕಿದ ನಕಲು ಪ್ರತಿಯಲ್ಲೇ ನಮ್ಮ ಓರಗೆಯವರು ಆಡಿದ್ದು.

ಆಡದವರಿಗಾಗಿ ಎರಡು ಮಾತು. ಮನೆ ಬಿಟ್ಟು ಹೊರಟ ಹುಡುಗ ಕಾಡು, ಗುಹೆ ಸುತ್ತಿ ವಿಚಿತ್ರ ಪ್ರಾಣಿಗಳನ್ನು ಹಿಡಿದು ಪಳಗಿಸುತ್ತಾನೆ. ಇದನ್ನು ರೂಪಿಸಿದ ಸತೋಶಿ ತಾಜಿರಿ ಅವರಿಗೆ ಬಾಲ್ಯದಲ್ಲಿ ಹುಳ ಹಿಡಿಯುವ ಹುಚ್ಚು. ಗೇಮು ಹುಟ್ಟಿದ್ದು ಅದರಿಂದ. ಕಾಳಗ ಸರದಿಯಂತೆ ನಡೆಯುತ್ತದೆ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಗಿಡವನ್ನು ಸುಡುತ್ತದೆ, ಗಿಡ ನೀರನ್ನು ಹೀರುತ್ತದೆ. ಯಾವುದಕ್ಕೆ ಯಾವುದು ಎಂದು ನೀವೇ ಯೋಚಿಸಬೇಕು. ಯೋಚಿಸುವಷ್ಟು ಹೊತ್ತೂ ಗೇಮು ಸುಮ್ಮನೆ ನಿಂತಿರುತ್ತದೆ. ಅಮ್ಮ ಕರೆದರೆ ಹೋಗಿ ದನಕ್ಕೆ ಹುಲ್ಲು ಹಾಕಿ ಬನ್ನಿ, ಏನೂ ಕೆಡುವುದಿಲ್ಲ. ಆಟಿ ತಿಂಗಳಲ್ಲಿ ಅಜ್ಜಿಯಂದಿರು ಆಡುವ ಚೆನ್ನೆಮಣೆಯೂ ಇದೇ ಜಾತಿಯದು: 14 ಗುಳಿ, ಕಾಯಿ ಎಣಿಸು, ಯೋಚಿಸು, ಆಮೇಲೆ ಕೈ ಹಾಕು.

ಇನ್ನೊಂದು ಸಂಗತಿ. ಒಬ್ಬನೇ ಆಡಿದರೆ ಎಲ್ಲ ಪ್ರಾಣಿಗಳೂ ಸಿಗದು. ಎರಡು ಆವೃತ್ತಿಗಳಿದ್ದವು, ಒಂದರಲ್ಲಿ ಸಿಗುವ ಕೆಲವು ಇನ್ನೊಂದರಲ್ಲಿ ಇಲ್ಲ. ಗೆಳೆಯನ ಯಂತ್ರಕ್ಕೆ ವಯರು ಜೋಡಿಸಿ ಬದಲಾಯಿಸಿಕೊಳ್ಳಬೇಕಿತ್ತು.

ಹಳತೆಲ್ಲ ಚಿನ್ನ ಎನ್ನುತ್ತಿಲ್ಲ. ಗುಹೆಯಲ್ಲಿ ಹೆಜ್ಜೆಗೊಂದು ಬಾವಲಿ ಅಡ್ಡ ಬಂದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಪೊಕೆಮಾನ್ ಹೆಸರಿದ್ದರೆ ಸಾಕು ಎಂದೂ ಅಲ್ಲ. 2016ರ ಪೊಕೆಮಾನ್ ಗೋ ನೆಟ್ ಇಲ್ಲದೆ ನಡೆಯದು, ಅದರೊಳಗೂ ಅಂಗಡಿ ಇದೆ.

ಈಗ ಮಕ್ಕಳ ಕೈಯಲ್ಲಿರುವ ಗೇಮುಗಳನ್ನು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ಸೋತ ಕೂಡಲೇ ಜಾಹೀರಾತು, ಗೆದ್ದ ಕೂಡಲೇ ಅಂಗಡಿ. ಇವತ್ತು ಬಾರದಿದ್ದರೆ ಬಹುಮಾನ ಹೋಯಿತು ಎಂದು ಮೆಸೇಜು. ಊಟಕ್ಕೆ ಏಳದ ಮಗುವಿಗೆ ಹಟ ಎನ್ನುತ್ತೇವೆ. ಎದ್ದರೆ ಅದರ ತಂಡವೇ ಸೋಲುವಂತೆ ಗೇಮು ಕಟ್ಟಿದವರನ್ನು ಯಾರೂ ಬೈಯುವುದಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಗೇಮುಗಳನ್ನು ನಿಷೇಧಿಸಿತು. ಒಳ್ಳೆಯದೇ. ಆದರೆ ಮಕ್ಕಳಿಗೆ ಬಂದೂಕಿನ ಬಣ್ಣ, ಬೊಂಬೆಯ ಅಂಗಿ ಮಾರುವ ಗೇಮುಗಳ ವ್ಯಾಪಾರ ನಡೆದೇ ಇದೆ. ಅದನ್ನು ತಡೆಯಬೇಕಾದವರು ಮನೆಯವರೇ.

ಮೊಬೈಲು ಕಸಿದರೆ ಮಗು ಪಕ್ಕದ ಮನೆಗೆ ಹೋಗಿ ಆಡುತ್ತದೆ. ಅದರ ಬದಲು ಗೇಮು ಹಾಕಿಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ನೆಟ್ ಇಲ್ಲದೆ ನಡೆಯುತ್ತದೆಯೇ? ನಮ್ಮಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದಲ್ಲ. ನಡುವೆ ಬಿಟ್ಟು ಎದ್ದರೆ ಅಲ್ಲೇ ನಿಲ್ಲುತ್ತದೆಯೇ? ಒಳಗೆ ಅಂಗಡಿ ಇದೆಯೇ?

ಸುಳ್ಯ, ಪುತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಸರದಿಯ ಗೇಮಿಗೆ ಭಾರೀ ಯಂತ್ರ ಬೇಡ, ಒಳ್ಳೆಯ ಕತೆ ಬೇಕು. ಕಾಡು, ಹೊಳೆ, ಹುಳ ಎಲ್ಲ ನಮ್ಮಲ್ಲೇ ಇವೆ. ಕನ್ನಡದಲ್ಲಿ ಒಂದು ಮಾಡಿ ನೋಡಿ. ಮೊದಲು ಆಡುವವರು ನಾವೇ.