ಕಾಸಿಗೆ ತಕ್ಕ ತಂತಿ

‘ಕಾಸಿಗೆ ತಕ್ಕ ಕಜ್ಜಾಯ’ ಎಂಬುದು ಕನ್ನಡಿಗರ ವ್ಯಾಪಾರ-ವೇದಾಂತ. ಕೊಟ್ಟ ಕಾಸಿಗಿಂತ ಹೆಚ್ಚಿನ ಕಜ್ಜಾಯವನ್ನು ಯಾವ ಅಂಗಡಿಯವನೂ ಕೊಡಲಾರನೆಂಬುದು ಅದರ ಮೊದಲ ಅರ್ಥ. ಕಾಸಿಗೆ ತಕ್ಕಷ್ಟಾದರೂ ಕಜ್ಜಾಯ ಬಂದಿತೇ ಎಂದು ನೋಡಿಕೊಳ್ಳುವ ಹೊಣೆ ಕೊಳ್ಳುವವನದೇ ಎಂಬ ಎರಡನೆಯ ಅರ್ಥವೂ ಅದರಲ್ಲಿ ಅಡಗಿದೆ. ಕಜ್ಜಾಯದ ವಿಷಯದಲ್ಲಾದರೆ ನಾಲಗೆಯೇ ನ್ಯಾಯಾಧೀಶ. ತೀರ್ಪು ತತ್‌ಕ್ಷಣ ಬರುತ್ತದೆ. ಗಿಟಾರಿನ ತಂತಿಯ ವ್ಯವಹಾರ ಹಾಗಲ್ಲ. ಬಿಗಿದ ದಿನ ಕಳಪೆಯ ತಂತಿಯೂ ಗಂಟೆಯಂತೆ ನುಡಿಯಬಹುದು. ಅದರ ಬಣ್ಣ ಬಯಲಾಗುವುದು ಎರಡು ವಾರ ಕಳೆದ ಮೇಲೆ.

ಈ ಬಣ್ಣ ಎಲ್ಲೆಡೆಗಿಂತ ಬೇಗನೆ ಬಯಲಾಗುವ ಸ್ಥಳಗಳಲ್ಲಿ ಮರವಂತೆಯೂ ಒಂದು. ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಡುವೆ ರಿಬ್ಬನ್ನಿನಂತೆ ಹರಿದ ರಾಷ್ಟ್ರೀಯ ಹೆದ್ದಾರಿ 66. ಆ ದಾರಿಯಲ್ಲಿ ಹೋಗುವವರು ವಾಹನ ನಿಲ್ಲಿಸಿ, ಚಿತ್ರ ತೆಗೆದುಕೊಂಡು, ಧನ್ಯರಾದೆವೆಂದು ಮುಂದೆ ಸಾಗುತ್ತಾರೆ. ಆದರೆ ಅಲ್ಲಿಯೇ ಬಾಳುವವರಿಗೆ ಸಮುದ್ರದ ಇನ್ನೊಂದು ಮುಖವೂ ಗೊತ್ತು. ಅಲೆ ಒಡೆದಾಗ ಏಳುವ ತುಂತುರಿನಲ್ಲಿರುವ ಉಪ್ಪು ಗಾಳಿಯೊಡನೆ ಮನೆಯೊಳಗೆ ಬರುತ್ತದೆ. ಕಿಟಕಿಯ ಸರಳು, ಬಾಗಿಲ ಬೀಗ, ಸೈಕಲ್ಲಿನ ಚೈನು, ಯಾವುದನ್ನೂ ಅದು ಮನ್ನಿಸುವುದಿಲ್ಲ. ಹೆಬ್ಬೆರಳ ದಪ್ಪದ ಕಬ್ಬಿಣಕ್ಕೇ ಈ ಗತಿಯಾದರೆ, ಮಿಲಿಮೀಟರಿನ ಕಾಲು ಭಾಗ ಮಾತ್ರ ದಪ್ಪವಿರುವ ಗಿಟಾರಿನ ಮೊದಲ ತಂತಿಯ ಪಾಡೇನು?

ಸಾಮಾನ್ಯ ಉಕ್ಕಿನ ತಂತಿಯ ಗಿಟಾರಿನಲ್ಲಿ ಆರು ತಂತಿಗಳು. ಅವುಗಳಲ್ಲಿ ತೆಳುವಾದ ಎರಡು ಬರಿಯ ಉಕ್ಕು. ಉಳಿದ ನಾಲ್ಕರಲ್ಲಿ ಉಕ್ಕಿನ ಎಳೆಯ ಮೇಲೆ ಕಂಚಿನ ಸಣ್ಣ ಎಳೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಬರಿಯ ಉಕ್ಕಿಗೆ ತುಕ್ಕು ಶತ್ರು. ಸುತ್ತಿದ ತಂತಿಗಾದರೆ ಕಿಲುಬು, ಬೆವರು, ಧೂಳು ಮೂರೂ ಶತ್ರುಗಳು. ಬೆರಳಿನ ಬೆವರಿನಲ್ಲಿಯೂ ಉಪ್ಪುಂಟು. ಗಾಳಿಯ ಉಪ್ಪಿಗೆ ಅದು ಕೂಡಿಕೊಳ್ಳುತ್ತದೆ. ಸುತ್ತುಗಳ ಸಂದಿಯಲ್ಲಿ ಸೇರಿದ ಕೊಳೆ ತಂತಿಯನ್ನು ಅಲ್ಲಲ್ಲಿ ಭಾರವಾಗಿಸುತ್ತದೆ. ತಂತಿಯ ಸ್ವರವು ಅದರ ಉದ್ದ, ಬಿಗಿತ, ತೂಕ ಈ ಮೂರನ್ನು ಅವಲಂಬಿಸಿದೆ. ತೂಕ ಎಲ್ಲೆಡೆ ಸಮನಾಗಿಲ್ಲದಿದ್ದರೆ ಬಿಡಿಯಾಗಿ ಮೀಟಿದಾಗ ಸರಿಯಾಗಿ ನುಡಿದ ತಂತಿ ಮೆಟ್ಟಿಲನ್ನು ಒತ್ತಿದಾಗ ಅಪಸ್ವರ ನುಡಿಯುತ್ತದೆ. ಎಷ್ಟು ಬಿರಡೆ ತಿರುಗಿಸಿದರೂ ಶ್ರುತಿ ಕೂಡುವುದಿಲ್ಲ.

ಇದು ನಾಲ್ಕು ಕಾಸಿನ ನಷ್ಟವಷ್ಟೇ ಆಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಕಡಲ ಬದಿಯ ಒಂದು ಸಾಧಾರಣ ಕುಟುಂಬವನ್ನು ಓದುಗರು ಕಲ್ಪಿಸಿಕೊಳ್ಳಲಿ. ಮಗ ಹಟಹಿಡಿದು ಗಿಟಾರು ಕೊಡಿಸಿಕೊಂಡಿದ್ದಾನೆ. ವಾದ್ಯಕ್ಕೇ ಹಣವೆಲ್ಲ ಮುಗಿದಿರುವುದರಿಂದ ತಂತಿಯ ಅಂಗಡಿಯಲ್ಲಿ ಅವನು ಕೇಳುವ ಪ್ರಶ್ನೆ ಒಂದೇ: “ಅಣ್ಣಾ, ಇದ್ಕಿಂತ ಕಮ್ಮಿದ್ ಇತ್ತಾ?” ಕಮ್ಮಿಯದು ಯಾವಾಗಲೂ ಇರುತ್ತದೆ. ಅದನ್ನು ತಂದು ಬಿಗಿಯುತ್ತಾನೆ. ತಿಂಗಳೊಳಗೆ ತಂತಿ ಒರಟಾಗಿ ಬೆರಳ ತುದಿ ಉರಿಯತೊಡಗುತ್ತದೆ. ಸ್ವರ ಸ್ವರಕ್ಕೆ ಸೇರದು. ಮನೆಯ ಹಿರಿಯರು ತಂತಿಯನ್ನು ಪರೀಕ್ಷಿಸುವುದಿಲ್ಲ, ಮಗನನ್ನು ಪರೀಕ್ಷಿಸುತ್ತಾರೆ. ‘ಇವನಿಗೆ ಶ್ರುತಿಜ್ಞಾನವೇ ಇಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಹುಡುಗನೂ ಅದನ್ನು ನಂಬುತ್ತಾನೆ. ಗಿಟಾರು ಅಟ್ಟ ಸೇರುತ್ತದೆ. ತಂತಿಯ ಅಪರಾಧಕ್ಕೆ ಕಿವಿಗೆ ಶಿಕ್ಷೆ!

ಗಿಟಾರು ಪರದೇಶದ ವಾದ್ಯ, ಹೋದರೆ ಹೋಗಲಿ ಎನ್ನುವವರೂ ಉಂಟು. ಪಿಟೀಲೂ ಒಂದು ಕಾಲಕ್ಕೆ ಪರದೇಶದ್ದೇ. ಅದೇ ಪಿಟೀಲನ್ನು ಹಿಡಿದು ಮೈಸೂರು ಟಿ. ಚೌಡಯ್ಯನವರು ಕನ್ನಡನಾಡಿನ ಕೀರ್ತಿಯನ್ನು ಬೆಳಗಿಸಿದರು. ನಾದ ಇನ್ನಷ್ಟು ತುಂಬಿ ಬರಬೇಕೆಂದು ಅವರು ನಾಲ್ಕು ತಂತಿಗಳ ಬದಲಿಗೆ ಏಳನ್ನು ಬಿಗಿದರು. ನಾದಕ್ಕಾಗಿ ತಂತಿಯ ಕುರಿತು ತಲೆ ಕೆಡಿಸಿಕೊಳ್ಳುವುದು ಈ ನೆಲದಲ್ಲಿ ಹೊಸ ಹುಚ್ಚೇನೂ ಅಲ್ಲ. ಗಿಟಾರಿನ ಮಟ್ಟಿಗೂ, 1967ರಲ್ಲಿ ಬಂದ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಧ್ವನಿಮುದ್ರಿಕೆಯಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಅವರು ಸಂತೂರು-ಕೊಳಲುಗಳ ಜೊತೆಗೆ ಅದನ್ನು ಕೂರಿಸಿದ ಮೇಲೆ ಅದನ್ನು ಅಪರಿಚಿತವೆನ್ನುವಂತಿಲ್ಲ.

ಹಾಗಾದರೆ ಲಾಭದ ಖರೀದಿ ಯಾವುದು? ಬೆಲೆಯನ್ನು ಸೆಟ್ಟಿನ ಲೆಕ್ಕದಲ್ಲಿ ನೋಡದೆ ವಾರದ ಲೆಕ್ಕದಲ್ಲಿ ನೋಡಿದರೆ ಉತ್ತರ ತಾನಾಗಿ ದೊರೆಯುತ್ತದೆ. ಉದಾಹರಣೆಗಾಗಿ ಕೆಲವು ಅಂಕೆಗಳನ್ನು ಇಟ್ಟುಕೊಳ್ಳೋಣ. 150 ರೂಪಾಯಿಯ ಹೆಸರಿಲ್ಲದ ಸೆಟ್ಟು 2 ವಾರ ಬಾಳಿದರೆ ವಾರಕ್ಕೆ 75 ರೂಪಾಯಿ ಬಿದ್ದಂತಾಯಿತು. 300 ರೂಪಾಯಿಯ ಸೆಟ್ಟು 5 ವಾರ ಬಾಳಿದರೆ ವಾರಕ್ಕೆ 60 ರೂಪಾಯಿ. 1200 ರೂಪಾಯಿಯ ಸೆಟ್ಟು 16 ವಾರ ಬಾಳಿದರೆ ಮತ್ತೆ ವಾರಕ್ಕೆ 75! ಅತಿ ಅಗ್ಗದ್ದೂ ಅತಿ ತುಟ್ಟಿಯದೂ ಒಂದೇ ಮನೆಗೆ ಬಂದು ನಿಂತವು. ಆ ತುಟ್ಟಿಯ ಸೆಟ್ಟೇ 24 ವಾರ ಬಾಳಿದರೆ ವಾರಕ್ಕೆ 50ಕ್ಕೆ ಇಳಿದು ಎಲ್ಲಕ್ಕಿಂತ ಅಗ್ಗವಾಗುತ್ತದೆ. ಯಾರ ಮನೆಯಲ್ಲಿ ಎಷ್ಟು ವಾರ ಎಂಬುದನ್ನು ಅಂಗಡಿಯವನು ಹೇಳಲಾರ. ತಂತಿ ಬಿಗಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟವನು ಮಾತ್ರ ಅದನ್ನು ಬಲ್ಲ.

ಇಲ್ಲಿ ತುಟ್ಟಿಯದು ಎಂದರೆ ಲೇಪನದ ತಂತಿ. 1990ರ ದಶಕದಲ್ಲಿ ಅಮೆರಿಕದ ಗೋರ್ ಕಂಪನಿಯು ‘ಎಲಿಕ್ಸಿರ್’ ಎಂಬ ಹೆಸರಿನಲ್ಲಿ, ಕೊಳೆಯೂ ತೇವವೂ ಒಳಹೊಗದಂತೆ ತೆಳುವಾದ ಪಾಲಿಮರ್ ಲೇಪನವಿರುವ ತಂತಿಗಳನ್ನು ತಂದಿತು. ಅನಂತರ ಬೇರೆ ಕಂಪನಿಗಳೂ ಆ ದಾರಿ ಹಿಡಿದವು. ಬಯಲುಸೀಮೆಯ ಒಣಹವೆಯಲ್ಲಿ ಇದು ಸುಖದ ವಸ್ತುವಾದರೆ, ಕಡಲತಡಿಯಲ್ಲಿ ಅವಶ್ಯಕತೆಯ ವಸ್ತುವಾಗಬಹುದು. ಆದರೆ ದಿನವೂ ಬಲವಾಗಿ ಮೀಟಿ ತಂತಿಯನ್ನೇ ಕಡಿಯುವ ಅಭ್ಯಾಸದವನಿಗೆ ಲೇಪನದಿಂದ ಪ್ರಯೋಜನ ಕಡಿಮೆ. ಅವನು ಮಧ್ಯಮ ಬೆಲೆಯದನ್ನು ಕೊಳ್ಳುವುದೇ ವಿವೇಕ.

ಕೊಳ್ಳುವ ಮೊದಲು ಅರಿತಿರಬೇಕಾದ ಇನ್ನೂ ಕೆಲವು ಸಂಗತಿಗಳುಂಟು. ಮೊದಲನೆಯದಾಗಿ, ನೈಲಾನಿನ ತಂತಿಗಾಗಿ ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಬಿಗಿಯಬಾರದು. ನೈಲಾನಿನ ಆರೂ ತಂತಿಗಳು ಸೇರಿ ಸುಮಾರು 40 ಕಿಲೋ ಸೆಳೆದರೆ, ಉಕ್ಕಿನ 12ರ ಸೆಟ್ಟು 70 ಕಿಲೋವನ್ನೂ ಮೀರಿ ಸೆಳೆಯುತ್ತದೆ. ಕೆಲವು ನೂರು ರೂಪಾಯಿಯ ತಂತಿ ಕೆಲವು ಸಾವಿರ ರೂಪಾಯಿಯ ಗಿಟಾರನ್ನು ಬಗ್ಗಿಸಿಬಿಟ್ಟೀತು. ಎರಡನೆಯದಾಗಿ, 10, 11, 12 ಎಂದು ಹೇಳುವ ಗೇಜು ಮೊದಲ ತಂತಿಯ ದಪ್ಪ, ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ. ಹೊಸದಾಗಿ ಕಲಿಯುವವರ ಬೆರಳಿಗೆ 10 ಮೃದು. ನಾದ ತುಂಬಿರಬೇಕಾದರೆ 12. ಮೂರನೆಯದಾಗಿ, ಸಾಮಾನ್ಯವಾಗಿ ಕಡಿಯುವುದು ತೆಳುವಾದ ಮೊದಲ ತಂತಿ. ಅದಕ್ಕಾಗಿ ಇಡೀ ಸೆಟ್ಟನ್ನು ಕೊಳ್ಳಬೇಕಿಲ್ಲ. ಒಂಟಿ ತಂತಿಗಳನ್ನು ಮಾರುವ ಅಂಗಡಿಯಿಂದ ಎರಡನ್ನು ತಂದಿಟ್ಟುಕೊಂಡರೆ ಸಾಕು. ನಾಲ್ಕನೆಯದಾಗಿ, ಹೆಸರಾಂತ ತಂತಿಗಳಿಗೆ ನಕಲುಗಳೂ ಉಂಟು. ಹೆಸರು ದೊಡ್ಡದಾಗಿದ್ದು ಬೆಲೆ ಅರ್ಧಕ್ಕಿಂತಲೂ ಕಡಿಮೆಯಾಗಿದ್ದರೆ ಹಿಗ್ಗುವ ಮೊದಲು ಸಂಶಯಪಡುವುದು ಒಳಿತು. ಗಾಳಿಯಾಡದಂತೆ ಮುಚ್ಚಿದ ಪೊಟ್ಟಣವನ್ನೇ ಆರಿಸಬೇಕು. ಕಾಗದದ ಲಕೋಟೆಯಲ್ಲಿ ಅಂಗಡಿಯೊಳಗೆ ಒಂದು ಮಳೆಗಾಲ ಕಳೆದ ತಂತಿ, ಮನೆಗೆ ಬರುವಾಗಲೇ ಅರ್ಧ ಆಯುಸ್ಸನ್ನು ಕಳೆದುಕೊಂಡಿರುತ್ತದೆ.

ಕೆಲವು ವೇಳೆ ತಂತಿ ನಿರಪರಾಧಿಯಾಗಿರುವುದೂ ಉಂಟು. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ತಂಬೂರಿ-ವೀಣೆಗಳ ನಾದವನ್ನು ಕುರಿತು ಬರೆದಾಗ, ಆ ವಾದ್ಯಗಳ ವಿಶಿಷ್ಟ ನಾದಕ್ಕೆ ತಂತಿಯಷ್ಟೇ ಅಲ್ಲ, ತಂತಿ ಕೂರುವ ಕುದುರೆಯ ಬಾಗೂ ಕಾರಣವೆಂದು ತೋರಿಸಿದರು. ಕುದುರೆಯ ಮಹಿಮೆ ಗಿಟಾರಿನಲ್ಲಿಯೂ ಉಂಟು, ಆದರೆ ಬೇರೆ ಬಗೆಯಲ್ಲಿ. ಯಾವ ತಂತಿ ತಂದರೂ ಒಂದೇ ಜಾಗದಲ್ಲಿ ಕಡಿಯುತ್ತಿದ್ದರೆ, ಅಲ್ಲಿ ಕುದುರೆಯ ಅಥವಾ ಬಿರಡೆಯ ಅಂಚು ಹರಿತವಾಗಿದೆಯೆಂದೇ ತಿಳಿಯಬೇಕು. ನಯವಾದ ಮರಳುಕಾಗದದಿಂದ ಆ ಅಂಚನ್ನು ಒಮ್ಮೆ ಹದವಾಗಿ ಉಜ್ಜಿದರೆ ಹಲವು ಸೆಟ್ಟುಗಳ ಬೆಲೆ ಉಳಿದೀತು.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಒಂದು ಹಳೆಯ ಹತ್ತಿಬಟ್ಟೆ. ನುಡಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳುವುದು, ನುಡಿಸಿದ ಮೇಲೆ ಪ್ರತಿಯೊಂದು ತಂತಿಯನ್ನೂ ಮೇಲೂ ಕೆಳಗೂ ಒರೆಸುವುದು, ಗಿಟಾರನ್ನು ಕಿಟಕಿಯ ಬಳಿ ತೂಗುಹಾಕದೆ ಪೆಟ್ಟಿಗೆಯಲ್ಲಿ ಮುಚ್ಚಿಡುವುದು. ಇದಕ್ಕೆ ತಗಲುವುದು ಎರಡು ನಿಮಿಷ. ಮೇಲಿನ ಲೆಕ್ಕದ 300 ರೂಪಾಯಿಯ ಸೆಟ್ಟು ಇದರಿಂದ ಒಂದೇ ಒಂದು ವಾರ ಹೆಚ್ಚು ಬಾಳಿದರೂ ವಾರದ ಖರ್ಚು 60ರಿಂದ 50ಕ್ಕೆ ಇಳಿಯುತ್ತದೆ. ಕಪ್ಪಾದ ತಂತಿಯನ್ನು ಬಿಚ್ಚಿ ನೀರಿನಲ್ಲಿ ಕುದಿಸುವವರೂ ಇದ್ದಾರೆ. ಕೊಳೆ ಬಿಟ್ಟು ಕೆಲವು ದಿನ ನಾದ ಮರಳುವುದು ನಿಜ. ಆದರೆ ತುಕ್ಕು ತಿಂದ ಉಕ್ಕು ಕುದಿಸಿದರೆ ಮರಳುವುದಿಲ್ಲ.

ಮಕ್ಕಳಿಗೆ ವಾದ್ಯ ಕೊಡಿಸುವ ಹಿರಿಯರು ಒಂದು ಮಾತನ್ನು ನೆನಪಿನಲ್ಲಿಟ್ಟರೆ ಸಾಕು. ಮಗುವಿನ ಕಿವಿಯ ಮೇಲೆ ತೀರ್ಪು ಕೊಡುವ ಮುನ್ನ ಅದರ ತಂತಿಯ ಮೇಲೊಮ್ಮೆ ಬೆರಳಾಡಿಸಿ ನೋಡಬೇಕು. ಬೆರಳಿಗೆ ಒರಟು ತಗಲಿದರೆ ತೀರ್ಪನ್ನು ಮುಂದೂಡಿ, ಮೊದಲು ಹೊಸ ತಂತಿಯನ್ನು ತರಿಸಬೇಕು.