ಠಾಣೆಯ ಕಡತವಿಲ್ಲದೆ ರಾಯಭಾರ ಕಚೇರಿ ಏನು ಮಾಡೀತು?

ಕುಂದಾಪುರ ಕಡೆಯ ಏಸಿ ಮೆಕ್ಯಾನಿಕ್ ಒಬ್ಬರನ್ನು 2019ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ಪೊಲೀಸರು ಹಿಡಿದುಕೊಂಡು ಹೋದರು. ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಅಲ್ಲಿನ ಯುವರಾಜನನ್ನೂ ಮೆಕ್ಕಾವನ್ನೂ ಹೀಗಳೆದ ಬರಹಗಳಿದ್ದವು. ಖಾತೆ ನಕಲಿ ಎಂದು ಊರಿನಲ್ಲಿದ್ದ ಹೆಂಡತಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಜಾಡು ಹಿಡಿದು 2020ರ ಅಕ್ಟೋಬರ್‌ನಲ್ಲಿ ಮೂಡುಬಿದಿರೆಯ ಇಬ್ಬರು ಸೋದರರನ್ನು ಬಂಧಿಸಿದರು. ಆ ತನಿಖೆಯ ದಾಖಲೆಗಳು ಸೌದಿ ಅಧಿಕಾರಿಗಳ ಕೈ ಸೇರಿದವು. ಮೆಕ್ಯಾನಿಕ್ ಬೆಂಗಳೂರಿಗೆ ಬಂದಿಳಿದದ್ದು 2021ರ ಆಗಸ್ಟ್‌ನಲ್ಲಿ. ಮಾಡದ ತಪ್ಪಿಗೆ ಇಪ್ಪತ್ತು ತಿಂಗಳ ಸೆರೆ!

ಅವರ ಬಿಡುಗಡೆಗೆ ದಾರಿ ಮಾಡಿಕೊಟ್ಟ ಪುರಾವೆ ಸಿಕ್ಕಿದ್ದು ರಿಯಾದ್‌ನಲ್ಲಲ್ಲ, ಕರಾವಳಿಯ ಪೊಲೀಸ್ ಕಡತದಲ್ಲಿ.

ವಿದೇಶದಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ನಮ್ಮ ಕಣ್ಣು ಹೋಗುವುದು ರಾಯಭಾರ ಕಚೇರಿಯ ಕಡೆಗೇ. ಆದರೆ ಅದರ ಅಧಿಕಾರಕ್ಕೆ ಮಿತಿಯಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ, ಬಂಧಿತನಿಗೆ ತನ್ನ ದೇಶದ ಕಚೇರಿಗೆ ಸುದ್ದಿ ಮುಟ್ಟಿಸುವ ಹಕ್ಕಿದೆ ಎಂಬುದನ್ನು ಅವನನ್ನು ಹಿಡಿದವರೇ ತಡಮಾಡದೆ ತಿಳಿಸಬೇಕು. ಅಧಿಕಾರಿಗಳು ಅವನನ್ನು ಕಾಣಬಹುದು, ವಕೀಲರನ್ನು ಗೊತ್ತುಮಾಡಬಹುದು; ಜೈಲಿನ ಬಾಗಿಲು ತೆಗೆಸಲಾರರು. ಪಾಕಿಸ್ತಾನದಲ್ಲಿ ಸೆರೆಯಾದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಆ ದೇಶ ಈ ವಿಧಿಯನ್ನು ಮುರಿದಿದೆ ಎಂದು 2019ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದಾಗಲೂ ಸಿಕ್ಕಿದ್ದು ಭೇಟಿಯ ಹಕ್ಕು ಮತ್ತು ಶಿಕ್ಷೆಯ ಮರುಪರಿಶೀಲನೆಯ ಆದೇಶ, ಬಿಡುಗಡೆಯಲ್ಲ.

ವಿದೇಶಾಂಗ ಸಚಿವಾಲಯ 2025ರಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಹೊರದೇಶಗಳ ಜೈಲುಗಳಲ್ಲಿರುವ ಭಾರತೀಯರು ಹತ್ತು ಸಾವಿರಕ್ಕೂ ಹೆಚ್ಚು. ಸೌದಿ ಮತ್ತು ಯುಎಇ ಎರಡರಲ್ಲೇ ಐದು ಸಾವಿರಕ್ಕೂ ಮಿಕ್ಕಿ. ಇಷ್ಟು ಜನರ ಹಿಂದೆ ಓಡಾಡಬೇಕಾದ ಬೆರಳೆಣಿಕೆಯ ಅಧಿಕಾರಿಗಳಿಗೆ ಊರಿನಿಂದ ಕಾಗದಪತ್ರವೇ ಬರದಿದ್ದರೆ ಅವರು ಯಾವುದನ್ನು ಹಿಡಿದು ವಾದಿಸಬೇಕು?

ಮಂಗಳೂರು ಬಿಕರ್ನಕಟ್ಟೆಯ ಕುಟುಂಬವೊಂದರ ಕಥೆ ಇನ್ನೂ ಕಟು. ಅಲ್ಲೂ ಸೌದಿ, ಅಲ್ಲೂ ನಕಲಿ ಖಾತೆಯ ದೂರು. ಮನೆಯ ಯಜಮಾನನಿಗೆ ಹದಿನೈದು ವರ್ಷ ಶಿಕ್ಷೆಯಾಯಿತು. ಮಂಗಳೂರಿನಲ್ಲಿ ಕೊಟ್ಟ ದೂರಿನ ತನಿಖೆ ಮುಂದೆ ಸಾಗದೆ ಹೆಂಡತಿ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಫೇಸ್‌ಬುಕ್ ಪೊಲೀಸರಿಗೆ ಸಹಕರಿಸದಿದ್ದರೆ ಭಾರತದಲ್ಲಿ ಅದನ್ನೇ ಮುಚ್ಚಿಸಲು ಆದೇಶಿಸಬೇಕಾದೀತು ಎಂದು ಎಚ್ಚರಿಸಿದರು. ಒಂದು ಮಾಹಿತಿ ಪಡೆಯಲು ನ್ಯಾಯಾಲಯ ಇಷ್ಟು ಗದರಬೇಕಾಯಿತೆಂದರೆ ಸಾಮಾನ್ಯ ಹೆಣ್ಣುಮಗಳೊಬ್ಬಳ ಅರ್ಜಿಗೆ ಯಾವ ಬೆಲೆ ಸಿಕ್ಕೀತು?

ಇಷ್ಟಾದರೂ ಕರಾವಳಿಯವರಿಗೆ ಒಂದು ಆಸರೆಯಿದೆ. ಕೊಲ್ಲಿಯಲ್ಲಿ ನೆಂಟರಿದ್ದಾರೆ, ಸಂಘಗಳಿವೆ, ರಾತ್ರಿ ಫೋನು ಮಾಡಿದರೆ ಎತ್ತುವವರಿದ್ದಾರೆ. ಆದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಇಲ್ಲವೇ ಪಾವಗಡದ ಹಳ್ಳಿಯೊಂದರ ಹುಡುಗ ಏಜೆಂಟನ ಮಾತು ನಂಬಿ ಹೋಗಿ ಸಿಕ್ಕಿಕೊಂಡರೆ? ಪಾವಗಡದಿಂದ ತುಮಕೂರಿನ ಜಿಲ್ಲಾಧಿಕಾರಿ ಕಚೇರಿಗೆ ಹೋಗಿಬರಲೇ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ಕೇಂದ್ರದ ‘ಮದದ್’ ಅಹವಾಲು ಜಾಲತಾಣ 2015ರಿಂದಲೂ ಇದೆ, ಸಂಕಷ್ಟದಲ್ಲಿರುವವರ ನೆರವಿಗೆ ಸಮುದಾಯ ಕಲ್ಯಾಣ ನಿಧಿ 2009ರಿಂದಲೂ ಇದೆ. ಅವನ್ನು ಹೆತ್ತವರಿಗೆ ಹೇಳುವವರು ಬೇಕು.

ಕೇರಳ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿಕೊಂಡು, ಹೊರದೇಶದಲ್ಲಿ ಕೇಸಿಗೆ ಸಿಲುಕಿದ ಮಲಯಾಳಿಗಳಿಗೆ ಕಾನೂನು ನೆರವನ್ನೂ ಕೊಡುತ್ತಿದೆ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿಯಿದೆ, ಆದರೆ ಅದರ ಹೆಸರು ಹಳ್ಳಿಯ ಕಿವಿಗೆ ಬಿದ್ದಿಲ್ಲ. ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲೂ ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿ ಇರಲಿ. ಅರ್ಜಿಯನ್ನು ಅವರೇ ಮದದ್‌ಗೆ ಏರಿಸಲಿ. ವಿದೇಶದಲ್ಲಿ ಸೆರೆಯಾದವರಿಗೆ ಸಂಬಂಧಿಸಿದ ದೂರನ್ನು ಠಾಣೆ ಗಡುವಿನೊಳಗೆ ತನಿಖೆ ಮಾಡಲಿ. ದಾಖಲೆಗಳನ್ನು ಅರಬ್ಬಿಗೆ ಅನುವಾದಿಸಿ, ದೃಢೀಕರಿಸಿ ಕಳಿಸುವ ಖರ್ಚನ್ನು ಸರ್ಕಾರವೇ ಹೊರಲಿ. ಬಿಕರ್ನಕಟ್ಟೆಯ ಕುಟುಂಬ ಹೈಕೋರ್ಟಿಗೆ ಹೋದದ್ದೂ ದೂರಿನ ತನಿಖೆ ಮುಂದೆ ಸಾಗಲಿ ಎಂದೇ.